ಡಿಸೆಂಬರ್‌ನಲ್ಲಿ ಬೈಕ್ ಮೇಲೆ ಥಾರ್: ಬಾಡ್ಮೇರ್, ಖುರಿ, ತನೋಟ್‌ಗೆ ಏನೇನು ತಯಾರಿ ಬೇಕು?

ತುಂಗಾತೀರ (ಶಿವಮೊಗ್ಗ)

ಎಲ್ಲರಿಗೂ ನಮಸ್ಕಾರ. ನಾನೂ ನನ್ನ ಗೆಳೆಯನೂ ಡಿಸೆಂಬರ್ ಎರಡನೇ ವಾರ ರಾಜಸ್ಥಾನಕ್ಕೆ ಹೊರಟಿದ್ದೇವೆ. ನನ್ನದು ಹಿಮಾಲಯನ್ 411, ಅವನದು ಕ್ಲಾಸಿಕ್ 350. ಗಾಡಿಗಳನ್ನು ಬೆಂಗಳೂರಿನಿಂದ ಜೋಧಪುರಕ್ಕೆ ರೈಲಿನಲ್ಲಿ ಪಾರ್ಸೆಲ್ ಹಾಕಿ, ಅಲ್ಲಿಂದ ಬಾಡ್ಮೇರ್, ಮುನಾಬಾವ್, ಖುರಿ, ಸಮ್, ಜೈಸಲ್ಮೇರ್, ರಾಮಗಢ, ತನೋಟ್, ಲೋಂಗೇವಾಲಾ ಸುತ್ತಿ ವಾಪಸ್ ಬರಬೇಕು ಅಂತ ಯೋಚನೆ. ಒಟ್ಟು ಒಂಬತ್ತು ದಿನ ರಜೆ.

ಆಗುಂಬೆ, ಹುಲಿಕಲ್ ಘಾಟಿಯಲ್ಲಿ ಮಳೆ, ಕೆಸರು ಎರಡರಲ್ಲೂ ಓಡಿಸಿ ಅಭ್ಯಾಸ ಇದೆ. ಮರಳಿನ ಅನುಭವ ಇಲ್ಲ. ಇನ್ನೊಂದು ವಿಷಯ: ಬಾಡ್ಮೇರ್ ಕಡೆಯಿಂದ ಖುರಿಗೆ ಹೋಗುವಾಗ ಮ್ಯಾಪಿನಲ್ಲಿ ಒಂದು ಸಣ್ಣ ಗೆರೆ ಕಾಣುತ್ತಿದೆ. ದೊಡ್ಡ ರಸ್ತೆಗಿಂತ 30 ಕಿ.ಮೀ. ಕಡಿಮೆ ತೋರಿಸುತ್ತದೆ. ಅದರಲ್ಲಿ ಹೋದರೆ ಮರಳುಗಾಡನ್ನೂ ನೋಡಿದಂತೆ ಆಗುತ್ತದೆ, ದಾರಿಯೂ ಉಳಿಯುತ್ತದೆ ಅನ್ನಿಸಿತು. ಹೋಗಿಬಂದವರು ದಯವಿಟ್ಟು ಹೇಳಿ.

ಹಳೇ ಬುಲೆಟ್ (ಹುಬ್ಬಳ್ಳಿ)

ತಮ್ಮಾ, ಆ ಸಣ್ಣ ಗೆರೆಯಿಂದಲೇ ಶುರು ಮಾಡುತ್ತೇನೆ, ಉಳಿದದ್ದು ಆಮೇಲೆ.

ನಾನು 2016ರಲ್ಲಿ, ಮಾರ್ಚ್ ತಿಂಗಳ ಕೊನೆಯಲ್ಲಿ, ಒಬ್ಬನೇ ಹೋಗಿದ್ದೆ. ಮೊದಲ ತಪ್ಪು ಒಬ್ಬನೇ ಹೋಗಿದ್ದು, ಎರಡನೆಯದು ಮಾರ್ಚ್ ಕೊನೆಯಲ್ಲಿ ಹೋಗಿದ್ದು. ಅದೇ ವರ್ಷ ಮೇ 19ರಂದು ಫಲೋದಿಯಲ್ಲಿ 51 ಡಿಗ್ರಿ ದಾಖಲಾಯಿತು. ನಾನು ಹೋದಾಗ ಅಷ್ಟಿರಲಿಲ್ಲ. ಆದರೂ ಬೆಳಿಗ್ಗೆ ಹನ್ನೊಂದಕ್ಕೆಲ್ಲ ಹೆಲ್ಮೆಟ್ಟಿನ ಗಾಜು ಎತ್ತಿದರೆ ಒಲೆಯ ಮುಂದೆ ಮುಖ ಇಟ್ಟ ಹಾಗೆ ಆಗುತ್ತಿತ್ತು. ಖುರಿಯಿಂದ ಆಚೆ ಒಂದು ಢಾಣಿಗೆ, ಅಂದರೆ ನಾಲ್ಕೈದು ಮನೆಯ ಸಣ್ಣ ಹಟ್ಟಿಗೆ, 14 ಕಿ.ಮೀ. ಕಚ್ಚಾ ದಾರಿ ಅಂತ ಮ್ಯಾಪ್ ತೋರಿಸಿತು. ಮೊದಲ ಮೂರು ಕಿ.ಮೀ. ಗಟ್ಟಿ ನೆಲ. ಆಮೇಲೆ ಜೀಪಿನ ಎರಡು ಗಾಲಿ ಗುರುತು. ಏಳನೇ ಕಿ.ಮೀ.ಗೆ ಆ ಗುರುತೂ ಮಾಯ, ಮುಂದೆ ಬರೀ ಹಿಟ್ಟಿನಂಥ ಮರಳು. ಹಿಂದಿನ ಚಕ್ರ ಹೂತುಕೊಂಡಿತು. ನಾನು ಒಂದನೇ ಗೇರಿನಲ್ಲಿ ಕ್ಲಚ್ ಅರ್ಧ ಹಿಡಿದು ಎಕ್ಸಲೇಟರ್ ಕೊಟ್ಟೆ, ಮತ್ತೆ ಕೊಟ್ಟೆ, ಮತ್ತೆ ಕೊಟ್ಟೆ. ಹತ್ತು ನಿಮಿಷದಲ್ಲಿ ಸುಟ್ಟ ವಾಸನೆ ಬಂತು. ಕ್ಲಚ್ ಪ್ಲೇಟ್ ಹೋಯಿತು. ಇಂಜಿನ್ ಓಡುತ್ತದೆ, ಗಾಡಿ ಕದಲುವುದಿಲ್ಲ.

ನನ್ನ ಹತ್ತಿರ ಇದ್ದದ್ದು ಒಂದೂವರೆ ಲೀಟರ್ ನೀರು. ಫೋನಿಗೆ ಸಿಗ್ನಲ್ ಇಲ್ಲ. ದೂರದಲ್ಲಿ ಮನೆಯಂಥದ್ದು ಕಂಡಿತು. ‘ಎರಡು ಕಿ.ಮೀ. ಇರಬಹುದು, ನಡೆದು ಬಿಡೋಣ’ ಅಂತ ಗಾಡಿ ಬಿಟ್ಟು ಹೊರಟೆ. ಹತ್ತಿರ ಹೋದಾಗ ಅದು ಖೇಜ್ಡಿ ಮರ, ಅದರ ಕೆಳಗೊಂದು ಕಲ್ಲಿನ ಗೋಡೆ. ಅಲ್ಲಿಂದ ಇನ್ನೊಂದು ಗುರುತು ಹಿಡಿದು ನಡೆದೆ. ತಿರುಗಿ ನೋಡಿದರೆ ಗಾಡಿ ಕಾಣಲಿಲ್ಲ. ನನ್ನ ಹೆಜ್ಜೆ ಗುರುತಿನ ಮೇಲೆ ಗಾಳಿ ಮರಳು ಹರಡುತ್ತಿತ್ತು. ನೀರು ಒಂದು ಗಂಟೆಯಲ್ಲಿ ಖಾಲಿ. ಮಧ್ಯಾಹ್ನ ಮೂರರ ಹೊತ್ತಿಗೆ ಮೇಕೆ ಕಾಯುವ ಒಬ್ಬಳು ಹುಡುಗಿ ನನ್ನನ್ನು ನೋಡಿ ಕೂಗು ಹಾಕದಿದ್ದರೆ ಇವತ್ತು ಇಲ್ಲಿ ಬರೆಯುತ್ತಿರಲಿಲ್ಲ. ಅವಳ ಅಜ್ಜಿ ಹಿತ್ತಾಳೆ ಲೋಟದಲ್ಲಿ ನೀರು ಕೊಟ್ಟು, ನಾನು ಗಟಗಟ ಕುಡಿಯಲು ಹೋದಾಗ ಮಣಿಕಟ್ಟು ಹಿಡಿದು ತಡೆದರು. ಗುಟುಕು ಗುಟುಕಾಗಿ ಕುಡಿಸಿದರು. ಆ ಕೈಯ ಬಿಗಿ ಇನ್ನೂ ನೆನಪಿದೆ.

ಸಂಜೆ ಟ್ರ್ಯಾಕ್ಟರಿನಲ್ಲಿ ಇಬ್ಬರು ಬಂದರು. ಅವರು ಹೇಳಿದ ಮಾತು: ‘ಮಧ್ಯಾಹ್ನ ಒಂದು ಗಂಟೆಗೇ ನಿಮ್ಮ ಗಾಡಿ ನೋಡಿದೆವು. ಮನುಷ್ಯ ಎಲ್ಲಿ ಅಂತ ಅವಾಗಿನಿಂದ ಹುಡುಕುತ್ತಿದ್ದೇವೆ.’

ಅಂದರೆ ನಾನು ಗಾಡಿಯ ನೆರಳಲ್ಲಿ ಕೂತಿದ್ದರೆ ಒಂದು ಗಂಟೆಗೇ ಸಿಗುತ್ತಿದ್ದೆ. ಮರಳಲ್ಲಿ ಗಾಡಿ ದೂರಕ್ಕೆ ಕಾಣುತ್ತದೆ, ಮನುಷ್ಯ ಕಾಣುವುದಿಲ್ಲ. ಗಾಡಿಯಲ್ಲಿ ಕನ್ನಡಿ ಇದೆ, ಬಿಸಿಲಿಗೆ ಹಿಡಿದರೆ ಮೈಲಿಗಟ್ಟಲೆ ಮಿಂಚುತ್ತದೆ. ಹಾರನ್ ಇದೆ, ರಾತ್ರಿಗೆ ಲೈಟ್ ಇದೆ. ಟಾರ್ಪಾಲು ಕಟ್ಟಿದರೆ ನೆರಳೂ ಆಗುತ್ತದೆ. ಇಷ್ಟೆಲ್ಲ ಬಿಟ್ಟು ಕಾಲ್ನಡಿಗೆಯಲ್ಲಿ ಹೊರಟವನು ನಾನು.

ಆದ್ದರಿಂದ ಟೂಲ್ ಕಿಟ್ಟಿಗಿಂತ ಮೊದಲು ಒಂದು ಚೀಟಿ ತಯಾರು ಮಾಡಿ. ಎಲ್ಲಿಂದ ಹೊರಟಿರಿ, ಯಾವ ದಾರಿ, ಎಷ್ಟು ಗಂಟೆಗೆ ತಲುಪಬೇಕು, ಎಷ್ಟು ಗಂಟೆಯವರೆಗೆ ಫೋನ್ ಬರದಿದ್ದರೆ ಹುಡುಕಲು ಶುರು ಮಾಡಬೇಕು. ಅದು ಶಿವಮೊಗ್ಗದ ಮನೆಯವರ ಹತ್ತಿರ ಇದ್ದರೆ ಸಾಲದು, ಅವತ್ತು ರಾತ್ರಿ ಉಳಿಯುವ ಊರಿನಲ್ಲಿ ಒಬ್ಬರ ಹತ್ತಿರ ಇರಬೇಕು. ಶಿವಮೊಗ್ಗದಲ್ಲಿ ಕೂತವರು ಖುರಿಯಲ್ಲಿ ಟ್ರ್ಯಾಕ್ಟರ್ ಹೊರಡಿಸಲಾರರು.

ಗ್ಯಾರೇಜ್ ಗೆಳೆಯ (ಗದಗ)

ಹಳೇ ಬುಲೆಟ್ ಅಣ್ಣಾರು ಹೇಳಿದ್ದು ಖರೇ ಐತಿ. ಗಾಡಿ ಮಾತು ನನಗ ಬಿಡ್ರಿ.

ಮರಳಾಗ ಹೂತರ ಎಕ್ಸಲೇಟರ್ ಕೊಡೂದು ನಿಲ್ಲಸ್ರಿ. ಮೊದಲನೇ ಕೆಲಸ ಅದು. ಚಕ್ರ ತಿರಗಿದಷ್ಟೂ ಕೆಳಗ ತೋಡಕೊಂತ ಹೋಕ್ಕೈತಿ, ಚೈನ್ ತನಕಾ ಮುಳಗತೈತಿ. ಇಂಜಿನ್ ಬಂದ್ ಮಾಡ್ರಿ, ಲಗೇಜ್ ಇಳಸ್ರಿ, ಪೆಟ್ರೋಲ್ ಟ್ಯಾಂಕಿನ ಕ್ಯಾಪ್ ಬಿಗಿ ಐತೇನ ನೋಡ್ರಿ, ಗಾಡೀನ ಮೆಲ್ಲಕ ಒಂದು ಮಗ್ಗಲಿಗೆ ಮಲಗಸ್ರಿ. ಚಕ್ರ ತೋಡಿದ ಗುಂಡಿಗೆ ಕಾಲಿಂದ ಮರಳು ತುಂಬ್ರಿ, ತುಳೀರಿ, ಗಾಡಿ ಎತ್ತಿ ನಿಲ್ಲಸ್ರಿ. ಈಗ ಅದು ಗುಂಡ್ಯಾಗ ಇಲ್ಲ, ಮ್ಯಾಲೆ ಐತಿ. ಆಮೇಲೆ ಒಬ್ಬರು ಗಾಡಿ ಬಾಜೂ ನಡಕೊಂತ ಸಣ್ಣ ಎಕ್ಸಲೇಟರ್ ಕೊಡ್ರಿ, ಇನ್ನೊಬ್ಬರು ಹಿಂದಿಂದ ನೂಕ್ರಿ. ಇಬ್ಬರು ಹೊಂಟೀರಿ ಅಂದಮ್ಯಾಲೆ ಇದು ಐದು ನಿಮಿಷದ ಕೆಲಸ. ಒಬ್ಬಾಂವ ಇದ್ದರ ಒಂದು ತಾಸು, ಅರ್ಧ ಜೀವ.

ಓಡಸೂವಾಗ ಫುಟ್‌ರೆಸ್ಟ್ ಮ್ಯಾಲೆ ಎದ್ದು ನಿಂದರ್ರಿ, ಭಾರ ಸ್ವಲ್ಪ ಹಿಂದಕ, ಹ್ಯಾಂಡಲ್ ಸಡ್ಲ ಹಿಡೀರಿ. ಮುಂದಿನ ಚಕ್ರ ಹಾವಿನಂಗ ಹರದಾಡತೈತಿ, ಹರದಾಡ್ಲಿ, ಅದನ್ನ ಹಿಡದು ನೆಟ್ಟಗ ಮಾಡಾಕ ಹೋದ್ರ ಬೀಳ್ತೀರಿ. ಮುಂದಿನ ಬ್ರೇಕ್ ಮರತಬಿಡ್ರಿ. ಕಣ್ಣು ಚಕ್ರದ ಮುಂದ ಅಲ್ಲ, ಇಪ್ಪತ್ತು ಮೀಟರ್ ದೂರ.

ಟಯರಿನ ಗಾಳಿ: ಟಾರ್ ರಸ್ತೆದಾಗ 30 ಪಿಎಸ್‌ಐ ಆಸುಪಾಸು ಇರೂದನ್ನ ಮರಳಿಗೆ 18–20ಕ್ಕ ಇಳಸಬಹುದು. ಅದಕ್ಕಿಂತ ಕೆಳಗ ಬ್ಯಾಡ, ಯಾಕಂದ್ರ ನಿಮ್ಮವು ಟ್ಯೂಬ್ ಟಯರ್. ಗಾಳಿ ಭಾಳ ಕಡಿಮಿ ಆದ್ರ ಟಯರ್ ರಿಮ್ ಮ್ಯಾಲೆ ಸರದು ಟ್ಯೂಬಿನ ವಾಲ್ ಹರದಬಿಡತೈತಿ. ಮತ್ತ ಟಾರ್ ಹತ್ತಿದ ಕೂಡ್ಲೆ ಗಾಳಿ ತುಂಬಬೇಕು. ಕೈಪಂಪ್ ಇರ್ಲಿ. ಬ್ಯಾಟರಿ ಪಂಪ್ ಇದ್ದರೂ ಕೈಪಂಪ್ ಇರ್ಲಿ.

ಹಿಂದಿಂದು ಮುಂದಿಂದು ಎರಡೂ ಟ್ಯೂಬ್ ತಗೋರಿ. ಒಂದ ಒಯ್ಯಾಕ ಜಾಗಾ ಇದ್ದರ ಹಿಮಾಲಯನ್‌ಗೆ 21 ಇಂಚಿನ ಮುಂದಿನ ಟ್ಯೂಬ್ ಒಯ್ರಿ, ಅವಸರಕ್ಕ ಹಿಂದಿನ ಚಕ್ರಕ್ಕೂ ತುರಕಬಹುದು. ಪಂಕ್ಚರ್ ಮಾಡೂದು ಇಲ್ಲೇ, ನಿಮ್ಮ ಮನಿ ಅಂಗಳದಾಗ ಎರಡ ಸಲ ಮಾಡಿ ಕಲೀರಿ. ಅಲ್ಲಿ ಮುಳ್ಳು ಯಾವದು ಗೊತ್ತೈತೇನ್ರಿ? ನಮ್ಮ ಬಳ್ಳಾರಿ ಜಾಲೀನ. ಅವರು ವಿಲಾಯ್ತಿ ಬಬೂಲ್ ಅಂತಾರ. ಟಯರಿನ ಒಳಗ ಬೆರಳು ಆಡಿಸಿ ಮುಳ್ಳು ತಗೀದ ಹೊಸಾ ಟ್ಯೂಬ್ ಹಾಕಿದ್ರ, ಅದೂ ಅಲ್ಲೇ ಪಂಕ್ಚರ್.

ಚೈನಿಗೆ ಜಿಡ್ಡಿನ ಆಯಿಲ್ ಹಚ್ಚಬ್ಯಾಡ್ರಿ, ಮರಳು ಹತ್ತಿ ಉಪ್ಪುಕಾಗದ ಆಗತೈತಿ. ಒಣ ವ್ಯಾಕ್ಸಿನ ಸ್ಪ್ರೇ ಹೊಡೀರಿ. ಏರ್ ಫಿಲ್ಟರ್ ಹೊಸದು ಹಾಕ್ಕೊಂಡು ಹೋಗ್ರಿ, ಹಳೇದು ಒಂದು ಕವರಿನ್ಯಾಗ ಜೊತಿಗಿಟ್ಟುಕೋರಿ. ಕ್ಲಚ್ ಪ್ಲೇಟ್ ಸೆಟ್, ಕ್ಲಚ್ ವೈರ್, ಎಕ್ಸಲೇಟರ್ ವೈರ್, ಚೈನ್ ಲಿಂಕ್, ಫ್ಯೂಸ್, ಎಂಸೀಲ್. ಕ್ಲಾಸಿಕ್ ಗಾಡಿ ಹಿಮಾಲಯನ್‌ಕಿಂತ ನೆಲಕ್ಕ ತಗ್ಗು, ಅದನ್ನ ದಿಬ್ಬದ ಮರಳಿಗೆ ಇಳಸಾಕ ಹೋಗಬ್ಯಾಡ್ರಿ ಅಂತ ನನ್ನ ಕೈಮುಗದ ಮಾತು. ಸೈಡ್ ಸ್ಟ್ಯಾಂಡಿನ ಕೆಳಗ ಇಡಾಕ ಅಂಗೈ ಅಗಲದ ಹಲಗಿ ತುಂಡು ಒಂದು ಇರ್ಲಿ, ಇಲ್ಲಾಂದ್ರ ಚಾ ಕುಡ್ಯಾಕ ನಿಂತಲ್ಲೆ ಗಾಡಿ ಮಲಗತೈತಿ.

ತುಂಗಾತೀರ (ಶಿವಮೊಗ್ಗ)

ಹಳೇ ಬುಲೆಟ್ ಸರ್, ನಿಮ್ಮ ಅನುಭವ ಓದಿ ಗೆಳೆಯನಿಗೂ ಕಳಿಸಿದೆ. ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನಾದೆವು. ಪೆಟ್ರೋಲ್ ಬಗ್ಗೆ ಕೇಳಬೇಕಿತ್ತು. ಹಿಮಾಲಯನ್‌ಗೆ 15 ಲೀಟರ್, ಕ್ಲಾಸಿಕ್‌ಗೆ 13. ಕ್ಯಾನ್ ಒಯ್ಯಬೇಕಾ?

ಗಾಳಿಯಂತ್ರ (ಜೈಸಲ್ಮೇರ್, ಊರು ಚಿತ್ರದುರ್ಗ)

ನಮಸ್ಕಾರ. ನಾನು ಇಲ್ಲಿ ಗಾಳಿಯಂತ್ರಗಳ ಕೆಲಸದಲ್ಲಿದ್ದೇನೆ. ಊರಲ್ಲಿ ಜೋಗಿಮಟ್ಟಿಯ ಗಾಳಿಯಂತ್ರ ನೋಡಿಕೊಂಡು ಬೆಳೆದವನು. ದಿನಾ ಬೈಕಿನಲ್ಲೇ ಓಡಾಟ.

ಪೆಟ್ರೋಲಿನ ಲೆಕ್ಕ ಹೀಗಿದೆ. ಜೈಸಲ್ಮೇರಿನಿಂದ ರಾಮಗಢ ಸುಮಾರು 60 ಕಿ.ಮೀ., ಅಲ್ಲಿಂದ ತನೋಟ್ ಇನ್ನೂ ಅಷ್ಟೇ. ತನೋಟ್‌ನಿಂದ ಲೋಂಗೇವಾಲಾ ಸುಮಾರು 40, ಅಲ್ಲಿಂದ ರಾಮಗಢಕ್ಕೆ ವಾಪಸ್ 45ರ ಆಸುಪಾಸು. ಇಡೀ ಸುತ್ತು 270 ಕಿ.ಮೀ. ಹತ್ತಿರ. ಲೀಟರಿಗೆ 30 ಸಿಕ್ಕರೆ 9 ಲೀಟರ್ ಸಾಕು. ಆದರೆ ಎದುರುಗಾಳಿ ಬಂದರೆ 25ಕ್ಕೆ ಇಳಿಯುತ್ತದೆ, ಮರಳಿಗೆ ಇಳಿದರೆ ಇನ್ನೂ ಕಡಿಮೆ. ರಾಮಗಢದಲ್ಲಿ ಬಂಕ್ ಇದೆ, ಅದು ದಾಟಿದರೆ ಮರಳಿ ರಾಮಗಢಕ್ಕೆ ಬರುವವರೆಗೆ ಬಂಕ್ ನಂಬಬೇಡಿ. ಅಲ್ಲಿ ಫುಲ್ ಮಾಡಿ ಹೊರಟರೆ ಕ್ಯಾನ್ ಬೇಕಿಲ್ಲ. ಒಯ್ಯುವುದಾದರೆ ಲೋಹದ ಕ್ಯಾನ್ ಮಾತ್ರ, ನೀರಿನ ಬಾಟಲಿಯಲ್ಲಿ ಪೆಟ್ರೋಲ್ ಬೇಡ. ರಾತ್ರಿ ಕತ್ತಲಲ್ಲಿ ಬಾಯಾರಿದವನ ಕೈಗೆ ಯಾವ ಬಾಟಲಿ ಸಿಗುತ್ತದೋ ಹೇಳಲಾಗದು.

ಇಲ್ಲಿಯ ಟಾರ್ ರಸ್ತೆ ಚೆನ್ನಾಗಿದೆ, ನೆಟ್ಟಗಿದೆ. ಅಪಾಯ ಇರುವುದೂ ಅಲ್ಲೇ. ಗಾಳಿ ಬೀಸಿದ ರಾತ್ರಿಯ ಮಾರನೇ ದಿನ ರಸ್ತೆಯ ಮೇಲೆ ನಾಲಿಗೆಯಂತೆ ಮರಳು ಬಂದು ಬಿದ್ದಿರುತ್ತದೆ. ಬಿಸಿಲಿನಲ್ಲಿ ರಸ್ತೆಗೂ ಅದಕ್ಕೂ ಬಣ್ಣದ ವ್ಯತ್ಯಾಸ ತಿಳಿಯುವುದಿಲ್ಲ. 90ರಲ್ಲಿ ಬಂದವನು ಅದರ ಮೇಲೆ ಬ್ರೇಕ್ ಒತ್ತಿದರೆ ಮುಗಿಯಿತು. ಕಂಡರೆ ಎಕ್ಸಲೇಟರ್ ಮೊದಲೇ ಬಿಡಿ, ಗಾಡಿ ನೆಟ್ಟಗಿರಲಿ, ಮರಳಿನ ಮೇಲೆ ಇದ್ದಾಗ ಬ್ರೇಕೂ ಬೇಡ, ತಿರುಗಿಸುವುದೂ ಬೇಡ.

ಸೂರ್ಯ ಮುಳುಗಿದ ಮೇಲೆ ಓಡಿಸಬೇಡಿ. ಒಂಟೆಯ ಕಾಲು ಉದ್ದ, ಮೈ ಎತ್ತರ. ಹೆಡ್‌ಲೈಟಿನ ಬೆಳಕಿಗೆ ನಾಲ್ಕು ಕಡ್ಡಿಯಂಥ ಕಾಲು ಮಾತ್ರ ಬೀಳುತ್ತದೆ, ಅದೂ ಟಾರ್ ಬಣ್ಣದಲ್ಲಿ ಕರಗಿಹೋಗುತ್ತದೆ. ಡಿಸೆಂಬರ್‌ನಲ್ಲಿ ಆರು ಗಂಟೆಗೆಲ್ಲ ಮಬ್ಬು ಕವಿಯುತ್ತದೆ. ಐದಕ್ಕೆ ಊರು ಸೇರುವ ಹಾಗೆ ಲೆಕ್ಕ ಹಾಕಿ.

ನೀರಿನ ಬಗ್ಗೆ ಎರಡು ಮಾತು. ಢಾಣಿಗಳ ಪಕ್ಕ ನೆಲದೊಳಗೆ ಕಟ್ಟಿದ ದುಂಡನೆಯ ಟಾಂಕಾ ಕಾಣುತ್ತದೆ, ಮೇಲೆ ಸಣ್ಣ ಮುಚ್ಚಳ. ಅದು ಮಳೆಗಾಲದ ನಾಲ್ಕು ಮಳೆಯಲ್ಲಿ ಹಿಡಿದಿಟ್ಟ, ಒಂದು ಮನೆಯ ವರ್ಷದ ಕುಡಿಯುವ ನೀರು. ಕೇಳಿದರೆ ಯಾರೂ ಇಲ್ಲ ಅನ್ನುವುದಿಲ್ಲ. ಕೇಳದೆ ಮುಚ್ಚಳ ಎತ್ತಬೇಡಿ, ಅದರ ನೀರಲ್ಲಿ ಮುಖ ತೊಳೆಯಬೇಡಿ. ಎರಡನೆಯದು, ರಾಮಗಢದ ಕಡೆ ಇಂದಿರಾ ಗಾಂಧಿ ಕಾಲುವೆ ಸಿಗುತ್ತದೆ. ಮರಳಿನ ನಡುವೆ ನೀಲಿ ನೀರು ನೋಡಿ ಇಳಿಯಬೇಕು ಅನ್ನಿಸುತ್ತದೆ. ದಡ ಇಳಿಜಾರು, ಹಾಸಿದ ಮೈ ಪಾಚಿಯಿಂದ ಜಾರುತ್ತದೆ, ಸೆಳೆತ ಇದೆ, ಹಿಡಿಯಲು ಏನೂ ಇರುವುದಿಲ್ಲ. ದಡದ ಮೇಲಿಂದ ನೋಡಿ ಸಾಕು.

ದೂರದಾರಿ (ಬೆಂಗಳೂರು)

ಎಲ್ಲರ ಮಾತಿಗೂ ಗೌರವ ಇಟ್ಟುಕೊಂಡೇ ಹೇಳುತ್ತೇನೆ, ನೀವು ಆ ಹುಡುಗರನ್ನು ಹೆದರಿಸುತ್ತಿದ್ದೀರಿ. ನಾನು ಮೂರು ಸಲ ಹೋಗಿದ್ದೇನೆ, ಒಮ್ಮೆ ಹೆಂಡತಿಯನ್ನೂ ಕೂರಿಸಿಕೊಂಡು. ಡಿಸೆಂಬರ್‌ನಲ್ಲಿ ಹವೆ ಹಿತವಾಗಿರುತ್ತದೆ. ತನೋಟ್‌ವರೆಗೂ ಡಾಂಬರು, ದಾರಿಯಲ್ಲಿ ಪ್ರವಾಸಿಗರ ಕಾರು, ಜೈಸಲ್ಮೇರಿನಲ್ಲಿ ಮೆಕ್ಯಾನಿಕ್. ಕ್ಲಚ್ ಪ್ಲೇಟು, ಎರಡು ಟ್ಯೂಬು, ಟಾರ್ಪಾಲು, ಹತ್ತು ಲೀಟರ್ ನೀರು ಅಂತ ಹೊತ್ತರೆ ಆ ಭಾರಕ್ಕೇ ಗಾಡಿ ಬೀಳುತ್ತದೆ. ಲಗೇಜ್ ಕಡಿಮೆ ಇದ್ದಷ್ಟೂ ಸುರಕ್ಷಿತ ಅನ್ನುವುದು ನನ್ನ ಅನುಭವ.

ಹಳೇ ಬುಲೆಟ್ (ಹುಬ್ಬಳ್ಳಿ)

ದೂರದಾರಿಯವರೇ, ನಿಮ್ಮ ಮಾತಿನಲ್ಲಿ ಅರ್ಧಕ್ಕಿಂತ ಹೆಚ್ಚು ನಾನು ಒಪ್ಪುತ್ತೇನೆ. ಡಾಂಬರು ಬಿಡದೆ ಹೋದರೆ ಡಿಸೆಂಬರ್ ತಿಂಗಳ ಥಾರ್ ಕಷ್ಟದ ದಾರಿಯಲ್ಲ. ಲಗೇಜ್ ವಿಷಯ ನೂರಕ್ಕೆ ನೂರು ಸರಿ. ಮರಳಿನಲ್ಲಿ 30 ಕಿಲೋ ಲಗೇಜ್ ಹೊತ್ತ ಗಾಡಿ ಎತ್ತಲು ಹೋಗಿ ಸೊಂಟ ಹಿಡಿಸಿಕೊಂಡವರನ್ನು ನೋಡಿದ್ದೇನೆ. ಆದರೆ ಅವರು ಕೇಳಿದ್ದು ಆ ಸಣ್ಣ ಗೆರೆಯ ಬಗ್ಗೆ. ಟಾರ್ ಬಿಟ್ಟು ಐದು ಕಿ.ಮೀ. ಒಳಗೆ ಇಳಿದ ಕ್ಷಣ ಅದು ಬೇರೆಯೇ ಲೋಕ. ನಾನು ಸಿಕ್ಕಿಹಾಕಿಕೊಂಡದ್ದು ಹತ್ತಿರದ ಟಾರ್ ರಸ್ತೆಯಿಂದ ಏಳೇ ಕಿ.ಮೀ. ದೂರ.

ಭಾರ ಇಳಿಸಬೇಕಾದರೆ ಬಟ್ಟೆ ಇಳಿಸಿ. ನೀರು ಇಳಿಸಬೇಡಿ.

ಎರಡು ಚಕ್ರದ ವೈದ್ಯೆ (ಮಂಗಳೂರು)

ನಾನು ವೈದ್ಯೆ, ಗಾಡಿ ಓಡಿಸುವವಳೂ ಹೌದು. ನಮ್ಮ ಕರಾವಳಿಯಲ್ಲಿ ಬೆವರಿದರೆ ಅಂಗಿ ಒದ್ದೆಯಾಗುತ್ತದೆ, ನೀರು ಕುಡಿಯಬೇಕು ಅಂತ ಗೊತ್ತಾಗುತ್ತದೆ. ಮರುಭೂಮಿಯ ಒಣಗಾಳಿಯಲ್ಲಿ ಬೆವರು ಚರ್ಮದ ಮೇಲೆ ನಿಲ್ಲುವುದೇ ಇಲ್ಲ. ‘ನಾನು ಬೆವರುತ್ತಿಲ್ಲ’ ಅಂದುಕೊಂಡು ಗಂಟೆಗಟ್ಟಲೆ ನೀರು ಕುಡಿಯದೆ ಇರುತ್ತೀರಿ. ಸಂಜೆ ತಲೆನೋವು ಬಂದಾಗ ಹೆಲ್ಮೆಟ್ ಬಿಗಿಯಾಯಿತು ಅಂದುಕೊಳ್ಳುತ್ತೀರಿ. ಚಳಿಗಾಲದಲ್ಲೂ ಹೀಗೇ. ಬಾಯಾರಿಕೆಗೆ ಕಾಯಬೇಡಿ. ಮೂತ್ರದ ಬಣ್ಣ ನೋಡಿ, ತಿಳಿ ಹಳದಿ ಇದ್ದರೆ ಸರಿ, ಕಡು ಹಳದಿ ಆದರೆ ನಿಲ್ಲಿಸಿ ಕುಡಿಯಿರಿ. ಟಾರ್ ಬಿಟ್ಟು ಇಳಿಯುವ ದಿನ ತಲೆಗೆ 5 ಲೀಟರ್ ನೀರು, ಅದೂ ಒಂದೇ ಕ್ಯಾನಿನಲ್ಲಿ ಅಲ್ಲ, ಎರಡು ಮೂರು ಕಡೆ ಹಂಚಿ ಇಡಿ. ಒಂದು ಒಡೆದರೂ ಇನ್ನೊಂದು ಉಳಿಯುತ್ತದೆ.

ಓಆರ್‌ಎಸ್ ಪುಡಿ ಹತ್ತು ಪೊಟ್ಟಣ ಇರಲಿ. ಪೊಟ್ಟಣ ಎಷ್ಟು ನೀರಿಗೆ ಅಂತ ಬರೆದಿದೆಯೋ ಅಷ್ಟೇ ನೀರಿಗೆ ಹಾಕಿ, ಗಟ್ಟಿ ಮಾಡಬೇಡಿ. ಅದು ಇಲ್ಲದಿದ್ದರೆ ಒಂದು ಲೀಟರ್ ನೀರಿಗೆ ಆರು ಸಮ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಟೀ ಚಮಚದ ಲೆಕ್ಕ ಇದು.

ಬೇಸಿಗೆಯಲ್ಲಿ ಹೋಗುವವರೂ ಇಲ್ಲಿ ಓದುತ್ತಿರಬಹುದು, ಅವರಿಗೊಂದು ಮಾತು. ಸೆಖೆ ಅಂತ ಜಾಕೆಟ್ ಬಿಚ್ಚಬೇಡಿ. ನಮ್ಮ ಚರ್ಮದ ಬಿಸಿ ಸುಮಾರು 35 ಡಿಗ್ರಿ. ಗಾಳಿ ಅದಕ್ಕಿಂತ ಬಿಸಿ ಇದ್ದಾಗ ಬೀಸುವ ಗಾಳಿ ಮೈಯನ್ನು ಕಾಯಿಸುತ್ತದೆ. ಒಳಗಿನ ಹತ್ತಿ ಬನಿಯನ್ ಒದ್ದೆ ಮಾಡಿ ಮೇಲೆ ಜಾಕೆಟ್ ಹಾಕಿ, ಕತ್ತಿಗೆ ಒದ್ದೆ ಪಂಚೆ ಸುತ್ತಿಕೊಳ್ಳಿ. ಜೊತೆಗಾರ ಅಸಂಬದ್ಧ ಮಾತಾಡಿದರೆ, ತೂರಾಡಿದರೆ, ಸಿಟ್ಟಾಗಿ ನೀರು ಬೇಡ ಅಂದರೆ ಅದು ಸ್ವಭಾವವಲ್ಲ, ಬಿಸಿಲು ಹೊಡೆತ. ಮೈಯ ಬಿಸಿ 40 ದಾಟಿದಾಗ ಮೆದುಳು ಹಾಗೆ ಆಗುತ್ತದೆ. ನೆರಳಿಗೆ ಎಳೆದು, ಬಟ್ಟೆ ಸಡಿಲಿಸಿ, ಇರುವ ನೀರನ್ನೆಲ್ಲ ಮೈಮೇಲೆ ಸುರಿದು ಗಾಳಿ ಹಾಕಿ. ಪ್ರಜ್ಞೆ ಸರಿ ಇಲ್ಲದವರ ಬಾಯಿಗೆ ನೀರು ಹಾಕಬೇಡಿ. ತಣಿಸುವುದು ಮೊದಲು, ಆಸ್ಪತ್ರೆಗೆ ಸಾಗಿಸುವುದು ಆಮೇಲೆ.

ಡಿಸೆಂಬರ್‌ನಲ್ಲಿ ನಿಮ್ಮನ್ನು ಕಾಡುವುದು ಚಳಿ. ಹಗಲು 25 ಇದ್ದದ್ದು ಬೆಳಗಿನ ಜಾವ 5–6ಕ್ಕೆ ಇಳಿಯುತ್ತದೆ. ಆ ಚಳಿಯಲ್ಲಿ 70ರ ವೇಗದಲ್ಲಿ ಅರ್ಧ ಗಂಟೆ ಹೋದರೆ ಬೆರಳಿಗೆ ಬ್ರೇಕಿನ ಸ್ಪರ್ಶವೇ ತಿಳಿಯುವುದಿಲ್ಲ. ಬಿಸಿಲು ಏರಿದ ಮೇಲೆ ಹೊರಡಿ.

ಹಾವಿನ ಬಗ್ಗೆ: ಮರಳಿನ ಬಣ್ಣದ ಗರಗಸ ಮಂಡಲ ಅಲ್ಲಿ ಸಾಮಾನ್ಯ. ಚಳಿಯಲ್ಲಿ ಕಡಿಮೆ ಓಡಾಡುತ್ತದೆ. ಆದರೂ ಬೂಟು ಕೊಡವದೆ ಕಾಲು ಹಾಕಬೇಡಿ, ಚೇಳೂ ಇರಬಹುದು. ಕಚ್ಚಿದರೆ ಕಟ್ಟು ಕಟ್ಟುವುದು, ಕೊಯ್ಯುವುದು, ಹೀರುವುದು ಯಾವುದೂ ಬೇಡ. ಕಚ್ಚಿದ ಕೈಕಾಲು ಅಲ್ಲಾಡದ ಹಾಗೆ ಇಟ್ಟು ಜಿಲ್ಲಾ ಆಸ್ಪತ್ರೆಗೆ ಹೋಗಿ. ಬಾಡ್ಮೇರ್ ಮತ್ತು ಜೈಸಲ್ಮೇರ್ ಎರಡೂ ಜಿಲ್ಲಾ ಕೇಂದ್ರಗಳು.

ನಿವೃತ್ತ ಗಡಿಕಾವಲು (ಬೆಳಗಾವಿ)

ಬಿಎಸ್‌ಎಫ್‌ನಲ್ಲಿದ್ದಾಗ ಆ ಭಾಗದಲ್ಲಿ ಕೆಲಸ ಮಾಡಿದ್ದೇನೆ. ಗಡಿಯ ಹತ್ತಿರ ಹೋಗುವವರು ಕೆಲವು ವಿಷಯ ತಿಳಿದಿರಬೇಕು.

ತನೋಟ್ ಮಾತೆಯ ಗುಡಿವರೆಗೆ ಯಾರೂ ಹೋಗಬಹುದು. ಗುಡಿಯನ್ನು ಬಿಎಸ್‌ಎಫ್‌ ಅವರೇ ನೋಡಿಕೊಳ್ಳುತ್ತಾರೆ. 1965ರ ಯುದ್ಧದಲ್ಲಿ ಬಿದ್ದು ಸಿಡಿಯದ ಬಾಂಬುಗಳನ್ನು ಅಲ್ಲಿ ಗಾಜಿನ ಒಳಗಿಟ್ಟಿದ್ದಾರೆ. ಅಲ್ಲಿಂದ ಮುಂದೆ ಗಡಿ ಕಡೆಗೆ ಅನುಮತಿ ಪತ್ರ ಬೇಕು. ಮ್ಯಾಪಿನಲ್ಲಿ ರಸ್ತೆ ಕಂಡಿತು ಅಂತ ಹೋಗಬೇಡಿ. ಬಾಡ್ಮೇರ್, ಜೈಸಲ್ಮೇರ್ ಎರಡೂ ಜಿಲ್ಲೆಗಳ ಗಡಿ ಹಳ್ಳಿಗಳ ಕಡೆಗೂ ಹೊರಗಿನವರಿಗೆ ನಿರ್ಬಂಧ ಇರುವ ಜಾಗಗಳಿವೆ. ಮುನಾಬಾವ್‌ಗೆ ಹೊರಡುವ ಮುಂಚೆ ಬಾಡ್ಮೇರಿನ ಪೊಲೀಸರನ್ನು ಕೇಳಿ. ಆಧಾರ್, ಗಾಡಿಯ ಆರ್‌ಸಿ ಮೂಲ ಪ್ರತಿ ಕೈಯಲ್ಲಿರಲಿ. ತಡೆದು ವಿಚಾರಿಸುವ ಜವಾನನ ಹತ್ತಿರ ಸಮಾಧಾನವಾಗಿ ಮಾತಾಡಿ, ನಿಮ್ಮ ಚೀಟಿಯ ವಿವರ ಅವರಿಗೂ ಹೇಳಿ. ಅವರಿಗೆ ನಿಮ್ಮ ದಾರಿ ಗೊತ್ತಿದ್ದರೆ ನಿಮಗೇ ಒಳ್ಳೆಯದು.

ಸ್ಯಾಟಲೈಟ್ ಫೋನ್ ಬಗ್ಗೆ ಯಾರೂ ಹೇಳಿಲ್ಲ. ವಿದೇಶದಲ್ಲಿರುವ ನಮ್ಮವರು ಬರುವಾಗ ತಂದುಕೊಡುತ್ತಾರೆ. ಉಪಗ್ರಹದ ಮೂಲಕ ಸಂದೇಶ ಕಳಿಸುವ ಸಣ್ಣ ಯಂತ್ರಗಳೂ ಸಿಗುತ್ತವೆ. ಭಾರತದಲ್ಲಿ ದೂರಸಂಪರ್ಕ ಇಲಾಖೆಯ ಅನುಮತಿ ಇಲ್ಲದೆ ಇವನ್ನು ಇಟ್ಟುಕೊಳ್ಳುವುದೇ ಅಪರಾಧ, ಅದೂ ಗಡಿ ಜಿಲ್ಲೆಯಲ್ಲಿ. ಡ್ರೋನ್ ಕೂಡ ಮನೆಯಲ್ಲೇ ಇರಲಿ. ಹಾಗಾಗಿ ಇಲ್ಲಿ ಉಳಿದಿರುವುದು ಸಾಮಾನ್ಯ ಫೋನು. ಇಬ್ಬರೂ ಬೇರೆ ಬೇರೆ ಕಂಪನಿಯ ಸಿಮ್ ಇಟ್ಟುಕೊಳ್ಳಿ, ಒಂದು ಬಿಎಸ್‌ಎನ್‌ಎಲ್ ಇರಲಿ. 112ಕ್ಕೆ ಕರೆ ಯಾವ ಕಂಪನಿಯ ಸಿಗ್ನಲ್ ಸಿಕ್ಕರೂ ಹೋಗುತ್ತದೆ. ಸಿಗ್ನಲ್ ಇಲ್ಲದಿದ್ದರೂ ಜಿಪಿಎಸ್ ಕೆಲಸ ಮಾಡುತ್ತದೆ, ಮ್ಯಾಪ್ ಮೊದಲೇ ಇಳಿಸಿಕೊಂಡಿರಿ. ದಾರಿ ಬಿಡುವ ಜಾಗದ ಅಕ್ಷಾಂಶ ರೇಖಾಂಶವನ್ನು ಕಾಗದದ ಮೇಲೆ ಬರೆದಿಡಿ. ಫೋನ್ ಬಿದ್ದು ಒಡೆಯಬಹುದು.

ಪೋಖರಣ್, ಚಾಂಧನ್ ಕಡೆ ಸೇನೆ, ವಾಯುಪಡೆಯವರ ಗುಂಡು ಹಾರಿಸುವ ಮೈದಾನಗಳಿವೆ. ಮರಳಲ್ಲಿ ಲೋಹದ ತುಂಡು, ಕೊಳವೆ ಕಂಡರೆ ನೆನಪಿಗೆ ಅಂತ ಎತ್ತಿಕೊಳ್ಳಬೇಡಿ.

ಲೋಂಗೇವಾಲಾದಲ್ಲಿ ನಿಂತಾಗ ಒಂದು ವಿಷಯ ಗಮನಿಸಿ. 1971ರ ಯುದ್ಧದಲ್ಲಿ ಡಿಸೆಂಬರ್ 4ರ ರಾತ್ರಿ ಬಂದ ಪಾಕಿಸ್ತಾನದ ಟ್ಯಾಂಕುಗಳಲ್ಲಿ ಎಷ್ಟೋ ಮೆತ್ತನೆಯ ಮರಳಿನಲ್ಲಿ ಹೂತು ನಿಂತವು. ಮೇಜರ್ ಕುಲದೀಪ್ ಸಿಂಗ್ ಚಾಂದ್‌ಪುರಿಯವರ ಸುಮಾರು 120 ಜನ ಬೆಳಗಿನವರೆಗೆ ಹಿಡಿದು ನಿಂತರು, ಬೆಳಕು ಹರಿದ ಮೇಲೆ ನಮ್ಮ ವಿಮಾನಗಳು ಬಂದವು. ಆ ಟ್ಯಾಂಕುಗಳ ಪಟ್ಟಿ ಚಕ್ರ ಎಷ್ಟು ಅಗಲ ಇದೆ ಅಂತ ನೋಡಿ, ಆಮೇಲೆ ನಿಮ್ಮ ಬೈಕಿನ ಟಯರ್ ನೋಡಿ.

ಉಪ್ಪಿನ ದಾರಿ (ಮೈಸೂರು)

ನಾನು ಹೋಗಿದ್ದು ಥಾರ್‌ಗಲ್ಲ, ಗುಜರಾತಿನ ಕಛ್‌ಗೆ. ಆದರೆ ಒಂಬತ್ತು ದಿನದಲ್ಲಿ ಬಾಡ್ಮೇರ್‌ನಿಂದ ಕೆಳಗೆ ಕಛ್ ಕಡೆ ತಿರುಗುವವರು ಬಹಳ ಜನ, ಅದಕ್ಕೇ ಬರೆಯುತ್ತಿದ್ದೇನೆ. ಖಾವಡಾದಿಂದ ಧೋಲಾವೀರಾಕ್ಕೆ ಹೋಗುವ ರಸ್ತೆ ರಣದ, ಅಂದರೆ ಅಲ್ಲಿಯ ಉಪ್ಪುಬಯಲಿನ, ನಡುವೆ ಎತ್ತರಿಸಿ ಕಟ್ಟಿದ್ದು. ಎರಡೂ ಕಡೆ ಬೆಳ್ಳಗೆ ಉಪ್ಪು, ಕ್ರಿಕೆಟ್ ಪಿಚ್ಚಿನಷ್ಟು ಗಟ್ಟಿ ಕಾಣುತ್ತದೆ. ಫೋಟೋಕ್ಕೆ ಅಂತ ಗಾಡಿ ಇಳಿಸಿದೆ. ಮೂವತ್ತು ಅಡಿ ಹೋಗುವಷ್ಟರಲ್ಲಿ ಹಪ್ಪಳ ಮುರಿದ ಸದ್ದು ಬಂತು. ಮುಂದಿನ ಚಕ್ರ ಕೆಳಗಿಳಿಯಿತು. ಬಿಳಿ ಪದರ ಒಂದು ಬೆರಳಿನಷ್ಟು ಮಾತ್ರ, ಅದರ ಕೆಳಗೆ ಕಪ್ಪು ಕೆಸರು. ಎಕ್ಸಲೇಟರ್ ಕೊಟ್ಟಾಗ ಹಿಂದಿನದೂ ಹೋಯಿತು. ಹೊರಗೆಳೆಯಲು ಏಳು ಜನ, ಒಂದು ಹಗ್ಗ, ಎರಡೂವರೆ ಗಂಟೆ. ಮನೆಗೆ ಬಂದ ಮೇಲೆ ಆ ಉಪ್ಪುಕೆಸರು ರೇಡಿಯೇಟರ್, ಕಡ್ಡಿ, ವೈರಿಂಗ್ ಎಲ್ಲ ತುಕ್ಕು ಹಿಡಿಸಿತು. ಮರಳಿನಲ್ಲಿ ಹೂತರೆ ತೋಡಿ ತೆಗೆಯಬಹುದು. ಉಪ್ಪಿನಲ್ಲಿ ಹೂತರೆ ಎಳೆದೇ ತೆಗೆಯಬೇಕು. ರಣದಲ್ಲಿ ರಸ್ತೆ ಬಿಟ್ಟು ಒಂದು ಚಕ್ರವನ್ನೂ ಇಳಿಸಬೇಡಿ.

ಇನ್ನೊಂದು, ಊರಿನ ಸಂಬಂಧದ ಮಾತು. ನಮ್ಮ ಊರುಗಳಲ್ಲಿ ಹಾರ್ಡ್‌ವೇರ್, ಎಲೆಕ್ಟ್ರಿಕಲ್ ಅಂಗಡಿ ಇಟ್ಟಿರುವ ಮಾರವಾಡಿಗಳಲ್ಲಿ ಬಹಳಷ್ಟು ಜನರ ಮೂಲ ಜಾಲೋರ್, ಪಾಲಿ, ಬಾಡ್ಮೇರ್ ಕಡೆ. ಹೊರಡುವ ಮುಂಚೆ ಹೋಗಿ ಮಾತಾಡಿ. ನಮ್ಮ ಬೀದಿಯ ಅಂಗಡಿಯವರು ನನಗೆ ತಮ್ಮ ಭಾವನ ನಂಬರ್ ಕೊಟ್ಟರು. ಆ ಮನೆಯಲ್ಲಿ ಬಾಜ್ರಾ ರೊಟ್ಟಿ, ಕೇರ್ ಸಾಂಗ್ರಿ ತಿಂದೆ, ಅದಕ್ಕಿಂತ ಮುಖ್ಯ, ದಿನಾ ಸಂಜೆ ‘ತಲುಪಿದೆ’ ಅಂತ ಫೋನ್ ಮಾಡಲು ಆ ಸೀಮೆಯಲ್ಲೇ ಒಂದು ಮನೆ ಇತ್ತು.

ತುಂಗಾತೀರ (ಶಿವಮೊಗ್ಗ)

ಎಲ್ಲರಿಗೂ ಮನಸ್ಸಿನಿಂದ ಧನ್ಯವಾದ. ಯೋಜನೆ ಬದಲಾಯಿಸಿದೆವು. ಸಣ್ಣ ಗೆರೆ ಬಿಟ್ಟೆವು. ಮುನಾಬಾವ್ ಬಿಟ್ಟೆವು, ಒಂಬತ್ತು ದಿನಕ್ಕೆ ಅದು ಹೆಚ್ಚಾಯಿತು. ಮರಳು ನೋಡಲು ಖುರಿಯಲ್ಲಿ ಎರಡು ರಾತ್ರಿ. ಕಳೆದ ಭಾನುವಾರ ಅಂಗಳದಲ್ಲಿ ಟ್ಯೂಬ್ ಬಿಚ್ಚಿ ಹಾಕಿದೆವು. ಮೊದಲ ಸಲ ಎರಡು ಗಂಟೆ, ಎರಡನೇ ಸಲ 50 ನಿಮಿಷ.

ತುಂಗಾತೀರ (ಶಿವಮೊಗ್ಗ)

ಬಂದೆವು. ಮೊನ್ನೆ ಜೋಧಪುರದಲ್ಲಿ ಪೆಟ್ರೋಲ್ ಖಾಲಿ ಮಾಡಿಸಿ ಗಾಡಿಗಳನ್ನು ಪಾರ್ಸೆಲ್ ಹಾಕಿ ರೈಲು ಹತ್ತಿದೆವು.

ಗಾಳಿಯಂತ್ರ ಅಣ್ಣ ಹೇಳಿದ ಮರಳಿನ ನಾಲಿಗೆ ರಾಮಗಢ ದಾಟಿದ ಮೇಲೆ ನಾಲ್ಕು ಕಡೆ ಸಿಕ್ಕಿತು. ಮೂರನೆಯದನ್ನು ನಾನು ನೋಡಲೇ ಇಲ್ಲ, ಹಿಂದಿನ ಚಕ್ರ ಅರ್ಧ ಅಡಿ ಪಕ್ಕಕ್ಕೆ ಸರಿಯಿತು. ಬ್ರೇಕ್ ಒತ್ತಬಾರದು ಅನ್ನುವುದು ಕೈಗೆ ನೆನಪಿತ್ತು, ಉಳಿದೆ. ಖುರಿಯಲ್ಲಿ ಹಿಮಾಲಯನ್ ಮಾತ್ರ ಮರಳಿಗಿಳಿಸಿ, ಲಗೇಜ್ ಇಲ್ಲದೆ, ಊರು ಕಣ್ಣಿಗೆ ಕಾಣುವಷ್ಟು ದೂರದಲ್ಲಿ ಅಭ್ಯಾಸ ಮಾಡಿದೆವು. ಗದಗದ ಅಣ್ಣಾ, ಮೂರು ಸಲ ಹೂತಿತು, ಮೂರು ಸಲವೂ ಮಲಗಿಸಿ ಮರಳು ತುಂಬಿ ಎತ್ತಿದೆವು. ಪಂಕ್ಚರ್ ಒಂದೇ, ಅದೂ ಬಳ್ಳಾರಿ ಜಾಲಿ ಮುಳ್ಳು.

ಚೀಟಿ ದಿನಾ ಬರೆದೆವು. ಎರಡನೇ ದಿನ ಖುರಿಯಲ್ಲಿ ಉಳಿದ ಮನೆಯ ಯಜಮಾನರಿಗೆ ಕೊಟ್ಟು ‘ಐದೂವರೆ ಒಳಗೆ ಬರುತ್ತೇವೆ, ಆರಕ್ಕೆ ಬರದಿದ್ದರೆ ಫೋನ್ ಮಾಡಿ’ ಅಂದಿದ್ದೆವು. ಅವರು ಅದನ್ನು ಪೇಟದ ಮಡಿಕೆಯಲ್ಲಿ ಸಿಕ್ಕಿಸಿಕೊಂಡರು. ಅವತ್ತು ಸಂಜೆ ಟಾರ್ ರಸ್ತೆಯಲ್ಲೇ ಆ ಪಂಕ್ಚರ್ ಆಗಿ ತಡವಾಯಿತು. ಊರು ಎರಡು ಕಿ.ಮೀ. ದೂರದಲ್ಲಿ ಕಾಣುತ್ತಿತ್ತು, ಗೆಳೆಯ ಕೈಪಂಪ್ ಒತ್ತುತ್ತಿದ್ದ, ಮಬ್ಬು ಕವಿಯುತ್ತಿತ್ತು. ಆರು ಗಂಟೆ ಆಗಿ ಎರಡು ನಿಮಿಷಕ್ಕೆ ಫೋನ್ ಬಂತು. ಅವರ ಕಡೆ ಹಿನ್ನೆಲೆಯಲ್ಲಿ ಟ್ರ್ಯಾಕ್ಟರ್ ಆಗಲೇ ಸ್ಟಾರ್ಟ್ ಆಗಿದ್ದು ಕೇಳಿಸುತ್ತಿತ್ತು.